ಮೇಜರ್ ಸಾಹೇಬರ ಕಿವಿ

ಮೊನ್ನೆ ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಚಹಾದಂಗಡಿಯ ಮೆಟ್ಟಿಲಿಗೆ ಅಡ್ಡವಾಗಿ ಮಲಗಿದ್ದ ಬೀದಿನಾಯಿಗೆ ನಾನು “ಒಂಚೂರು ಸರೀರಿ” ಎಂದುಬಿಟ್ಟೆ. ನಾಯಿ ಸರಿಯಲಿಲ್ಲ. ಪಕ್ಕದಲ್ಲಿ ಬಸಿಗೆ ಚಹಾ ಸುರುವಿಕೊಂಡು ಊದುತ್ತಿದ್ದ ಆಟೋದವನು ಮಾತ್ರ ತಲೆಯೆತ್ತಿದ.

“ನಾಯಿಗೂ ರಿ ಹಚ್ತೀರಲ್ರಿ ಸರ. ನನ್ನ ಆಟೋದಾಗ ಇಷ್ಟು ವರ್ಷ ಅಡ್ಡಾಡೀರಿ, ನನಗ ಒಂದಿನಾರ ಹಚ್ಚೀರೇನು?”

“ನೀನೂ ಹಂಗ ಅಡ್ಡ ಮಲ್ಕೊ, ಹಚ್ತಾರ,” ಎಂದಳು ಅಂಗಡಿಯವಳು.

ನಾನು ನಕ್ಕೆ. ಕಾರಣ ಹೇಳಲು ಹೊರಟರೆ ಸಂಡೂರಿನ ತನಕ ಹೋಗಬೇಕಾಗುತ್ತಿತ್ತು, ಅವನು ಬಾಡಿಗೆ ಇಲ್ಲದೆ ಅಷ್ಟು ದೂರ ಬರುವವನಲ್ಲ. ನಿಮಗಾದರೆ ಹೇಳಬಹುದು. ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ, ನಾನೇ ನಂಬುವುದಿಲ್ಲ. ದಿನಚರಿ ಬರೆಯುವವರ ನೆನಪು ಗಟ್ಟಿ ಎಂದು ಜನ ತಿಳಿದಿದ್ದಾರೆ. ನೆನಪಿನ ಮೇಲೆ ಭರವಸೆ ಇಲ್ಲದ್ದಕ್ಕೇ ನಾವು ಬರೆಯುವುದು. ಬರೆದದ್ದನ್ನು ಒಂದು ವರ್ಷ ಬಿಟ್ಟು ಓದಿದರೆ ಬರವಣಿಗೆಯ ಮೇಲಿನ ಭರವಸೆಯೂ ಹೋಗುತ್ತದೆ.

ಅದರಲ್ಲೂ ನಾಯಿಯ ವಿಷಯದಲ್ಲಿ ನನ್ನ ನೆನಪು ಹಿಂದೊಮ್ಮೆ ಸಿಕ್ಕಿಬಿದ್ದಿದೆ. ನಾವು ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ. ಅಜ್ಜನ ಕಬ್ಬಿನ ಗದ್ದೆಯಲ್ಲಿ ಕರಿಯ ಎಂಬ ನಾಯಿ ಇತ್ತು, ಕಾಡುಹಂದಿ ಓಡಿಸುವುದು ಅದರ ಕೆಲಸ. ಕಪ್ಪಗೆ, ಎತ್ತರಕ್ಕೆ, ಎಡಗಿವಿ ಹರಿದಿದ್ದ ಆ ನಾಯಿ ಹೊಳೆಗೆ ಹಾರಿ ಈಜುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಒಮ್ಮೆ ಇದನ್ನು ಅಕ್ಕನ ಮುಂದೆ ಭಾವುಕನಾಗಿ ವರ್ಣಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು ಹೇಳಿದಳು: “ಕರಿಯ ಕೆಂಪಿತ್ತು. ಬಾಜು ಗದ್ದಿಯವನ ಹೆಸರು ಕರಿಯಪ್ಪ, ಅವನ್ನ ಕೆಣಕಾಕ ಅಜ್ಜ ನಾಯಿಗೆ ಆ ಹೆಸರು ಇಟ್ಟಿದ್ದ. ಹೊಳಿಗೆ ಅದು ಹೋಗಿದ್ದ ನಾ ನೋಡಿಲ್ಲ. ಹಂದಿ ಬಂದ್ರ ಮೊದಲು ಗುಡಿಸಲದಾಗ ಹೊಕ್ಕೊಂತಿದ್ದದ್ದು ಅದ.”

ಆ ನಾಯಿಯಲ್ಲಿ ಮುಧೋಳದ ರಕ್ತವಿದೆ ಎಂದು ಅಜ್ಜ ಹೇಳುತ್ತಿದ್ದ. ಆ ಕಾಲದಲ್ಲಿ ಕಂಪ್ಲಿಯ ಎಲ್ಲ ನಾಯಿಗಳಲ್ಲೂ ಮುಧೋಳದ ರಕ್ತವಿತ್ತು. ಅಷ್ಟೊಂದು ರಕ್ತ ಹೊರಗೆ ಹರಿದ ಮೇಲೆ ಮುಧೋಳದಲ್ಲಿ ಏನು ಉಳಿಯಿತೋ ತಿಳಿಯದು.

ಈಗ ಅಕ್ಕನ ವಿಷಯ. ಅವಳ ಹೆಸರು ನೀಲಮ್ಮ. ಸಂಡೂರಿಗೆ ಮದುವೆಯಾಗಿ ಹೋಗಿ, ಅಲ್ಲಿ ಮನೆಯ ಎದುರಿಗೇ, ರಸ್ತೆಯ ಆಚೆ ಬದಿಗೆ, ಹಿಟ್ಟಿನ ಗಿರಣಿ ಹಾಕಿದಳು. ಗಂಡ ವಿರೂಪಾಕ್ಷಪ್ಪನವರಿಗೆ ಕುರೆಕುಪ್ಪದ ಕಡೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವರನ್ನು ನಾನು ಮಾವ ಎಂದು ಕರೆಯುತ್ತೇನೆ. ವರ್ಷಗಟ್ಟಲೆ ಗಿರಣಿಯ ಸದ್ದಿನಲ್ಲೇ ನಿಂತು ಅಕ್ಕನ ಕಿವಿ ಮೆಲ್ಲಗೆ ಹೋಗುತ್ತಿತ್ತು. ಮೊದಲಿನಿಂದಲೂ ಕೂಗಿ ಮಾತಾಡುವವಳಾದ್ದರಿಂದ ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ ಅದನ್ನು ಏಲಕ್ಕಿ ಡಬ್ಬಿಯಲ್ಲಿ ಇಟ್ಟಳು. “ಹೊರಗೊಂದು ಗಿರಣಿ ಸಾಲದಂತ ಕಿವ್ಯಾಗೊಂದು ಗಿರಣಿ ಹಾಕ್ಲ್ಯಾ?” ಎಂದಳು.

ತೊಂದರೆ ಇದ್ದದ್ದು ನಡುವಿನ ರಸ್ತೆಯಲ್ಲಿ. ಅದಿರಿನ ಲಾರಿಗಳು ಆ ದಾರಿ ಹಿಡಿದ ಮೇಲೆ, ಅಕ್ಕ ಹಿಟ್ಟಿನ ಡಬ್ಬಿ ಸೊಂಟಕ್ಕಿಟ್ಟುಕೊಂಡು ಹಿಂದುಮುಂದು ನೋಡದೆ ರಸ್ತೆ ದಾಟುವುದನ್ನು ಕಂಡು ಓಣಿಯವರು ಎದೆ ಹಿಡಿದುಕೊಳ್ಳುತ್ತಿದ್ದರು. ಮಾವ ಒಂದು ದಿನ ತೀರ್ಪು ಕೊಟ್ಟರು.

“ಕಿವಿ ಕೇಳದಾಕಿ ಗಿರಣಿ ನಡಸಿದ್ದು ಸಾಕು. ಮಷೀನ ಮಾರಿಬಿಡ್ತೀನಿ.”

“ಮಾರ್ರಿ. ಅದರ ಜತಿ ನನ್ನೂ ತಕ್ಕಡಿಗೆ ಹಾಕ್ರಿ,” ಎಂದಳು ಅಕ್ಕ. ಆ ಮಾತು ಮಾತ್ರ ಹೇಗೆ ಕೇಳಿಸಿತೋ!

ಗಿರಣಿ ಎಂದರೆ ಅವಳಿಗೆ ಬರೀ ಸಂಪಾದನೆ ಅಲ್ಲ. ಸಂಡೂರಿನಲ್ಲಿ ಅವಳನ್ನು ಇಂಥವರ ಹೆಂಡತಿ ಎನ್ನದೆ “ಗಿರಣಿ ನೀಲಕ್ಕ” ಎನ್ನುತ್ತಿದ್ದರು. ಕೊನೆಗೆ ಒಂದು ರಾಜಿಯಾಯಿತು. ಅಕ್ಕನಿಗೆ ಕಿವಿಯಾಗಿರಲು ಒಂದು ನಾಯಿ ತರುವುದು. ದೀಪಾವಳಿಯ ತನಕ ನೋಡುವುದು. ನಾಯಿ ಕೆಲಸಕ್ಕೆ ಬಂದರೆ ಗಿರಣಿ ಉಳಿಯುತ್ತದೆ, ಇಲ್ಲದಿದ್ದರೆ ಮಷೀನು ಹೋಗುತ್ತದೆ. ಇದಕ್ಕೆ ಪಂಚನಾಗಿ ನನ್ನನ್ನು ನೇಮಿಸಿದರು. ನಾನು ವಿಶ್ವವಿದ್ಯಾಲಯದಲ್ಲಿ ಓದಿ, ಹಳೆಯ ಶಾಸನಗಳ ಮೇಲೆ ಪ್ರಬಂಧ ಬರೆದು, ಹೆಸರಿನ ಮುಂದೆ ಡಾ. ಎಂಬ ಅಕ್ಷರ ಅಂಟಿಸಿಕೊಂಡವನು. ಶಾಸನದಲ್ಲಿ ಇರುವ ಸುಳ್ಳು ಹಿಡಿಯಬಲ್ಲವನು ನಾಯಿಯ ಸುಳ್ಳು ಹಿಡಿಯಲಾರನೇ ಎಂಬುದು ಮಾವನ ಲೆಕ್ಕ.

ಮಾವನಿಗೆ ಬೇಕಾಗಿದ್ದದ್ದು ಜಾತಿ ನಾಯಿ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನಾವು ಮನುಷ್ಯರ ಜಾತಿಯನ್ನು ನಾಲ್ಕು ಜನರ ನಡುವೆ ದನಿ ತಗ್ಗಿಸಿ ಕೇಳುತ್ತೇವೆ, ನಾಯಿಯದನ್ನು ರಸ್ತೆಯಲ್ಲಿ ಕೂಗಿ ಕೇಳುತ್ತೇವೆ. ಜಾತಿ ಇಲ್ಲದ ನಾಯಿಗೆ ಕಂತ್ರಿ ಎನ್ನುತ್ತೇವೆ. ಆ ಕಂತ್ರಿ ಎಂಬುದು ಇಂಗ್ಲಿಷರ ‘ಕಂಟ್ರಿ’ಯಂತೆ, ಅಂದರೆ ಈ ನೆಲದ್ದು, ನಮ್ಮದು ಎಂದು. ನಮ್ಮದೇ ಎಂಬ ಮಾತು ಬೈಗುಳವಾಗುವುದಕ್ಕೆ ಇಷ್ಟೇ ಸಾಕಾಯಿತು.

ಜಾತಿ ನಾಯಿ ಸಿಕ್ಕೇಬಿಟ್ಟಿತು. ಗುಡ್ಡದ ಮೇಲಿನ ಯಾವುದೋ ಗಣಿಯ ಗೇಟಿನಲ್ಲಿ ಕಾವಲಿಗಿದ್ದು ನಿವೃತ್ತಿಯಾದ ಅಲ್ಸೇಷಿಯನ್. ಹೆಸರು ಮೇಜರ್. ಅದನ್ನು ಕರೆತಂದವನು ಅದರ ತರಬೇತುದಾರ ಹುಲಿಗೆಪ್ಪ: ಕಪ್ಪು ಕನ್ನಡಕ, ದಪ್ಪ ಬೂಟು, ಕೈಯಲ್ಲಿ ಪ್ಲಾಸ್ಟಿಕ್ ಕಡತ. ಅಂದು ಭಾನುವಾರ, ನಾನೂ ಹೋಗಿದ್ದೆ. ಮಾವ ನನ್ನನ್ನು ತೋರಿಸಿ, “ಇವರು ನಮ್ಮ ಡಾಕ್ಟ್ರು,” ಎಂದರು. ಹುಲಿಗೆಪ್ಪ ತಕ್ಷಣ ಸೆಟೆದು ನಿಂತು, ಎರಡೂ ಕೈಯಿಂದ ನಾಯಿಯ ಬಾಯಿ ಅಗಲಿಸಿ ನನ್ನ ಮುಖದ ಹತ್ತಿರ ತಂದ.

“ನೋಡ್ರಿ ಡಾಕ್ಟ್ರ, ಹಲ್ಲು ನೋಡ್ರಿ. ಆಮ್ಯಾಲ ಎದಿಬಡಿತ ನೋಡ್ರಿ.”

ನಾನು ಕಲ್ಲಿನ ಡಾಕ್ಟರು, ನಾಯಿಯ ಡಾಕ್ಟರಲ್ಲ ಎಂದು ಹೇಳಬೇಕಿತ್ತು. ಆದರೆ ಬಾಯಿ ಆಗಲೇ ತೆರೆದಿತ್ತು. ನಾನು ಒಳಗೆ ಇಣುಕಿ, ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ, “ಹ್ಞೂಂ, ಚಲೋ ಅದಾವು,” ಎಂದೆ. ಬಿರುದುಗಳ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಅಂದು ಆ ಅಂಗಳದಲ್ಲಿ ನಾಯಿಗಿಂತ ಮೊದಲು ಉತ್ತರ ಕೊಟ್ಟವನು ನಾನೇ.

ಕಡತದಿಂದ ವಂಶಾವಳಿ ಹೊರಬಂತು. ಮೇಜರನ ತಂದೆ ಚಾಂಪಿಯನ್ ರೆಕ್ಸ್ ಎಂಥದೋ, ತಾತ ಚಾಂಪಿಯನ್ ಬ್ರೂನೋ ಇನ್ನೆಂಥದೋ, ತಾಯಿಯ ಕಡೆ ರಾಣಿಯರ ದೊಡ್ಡ ಸಾಲು. ಮೇಜರನಿಗೂ ಎಲ್ಲಿಯೋ ನಡೆದ ಪ್ರದರ್ಶನದಲ್ಲಿ ಚಾಂಪಿಯನ್ ಪಟ್ಟ ಸಿಕ್ಕಿತ್ತು. ಓದುತ್ತ ಓದುತ್ತ ನನಗೆ ಸಣ್ಣ ಅವಮಾನವಾಯಿತು. ನನ್ನ ತಂದೆ ಬಸಪ್ಪ, ಅವರ ತಂದೆ ಶಿವಪ್ಪ, ಅವರ ತಂದೆ ಬಸಪ್ಪ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ನಮ್ಮ ವಂಶ ಎರಡೇ ಹೆಸರಿನಲ್ಲಿ ಗಾಣದೆತ್ತಿನಂತೆ ಸುತ್ತುತ್ತದೆ. ಯಾವ ಬಸಪ್ಪ ಏನು ಮಾಡಿದ ಎಂದು ನಮಗೆ ಗೊತ್ತಿಲ್ಲ, ಈ ನಾಯಿಗೆ ಅದರ ಮುತ್ತಜ್ಜಿ ಗೆದ್ದ ಪದಕ ಕೂಡ ಗೊತ್ತು. ಅದಕ್ಕೇ ಇರಬೇಕು, ನಾನು ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಂದು ಹೆಸರಿನ ಕೆಳಗೆ ಏನೋ ಅಳಿಸಿದ ಗುರುತಿದ್ದಂತಿತ್ತು. ಚಹಾದ ಕಲೆಯೂ ಇದ್ದಿರಬಹುದು.

“ಕಾಗದ ಬಿಡ್ರಿ,” ಎಂದ ಹುಲಿಗೆಪ್ಪ. “ರಕ್ತ ಏನು ಮಾಡತೈತ್ರಿ? ಎಲ್ಲಾ ನನ್ನ ಟ್ರೇನಿಂಗ್. ಲಾರಿ ಮೈಮ್ಯಾಲ ಬಂದ್ರೂ ಹೆದರಂಗಿಲ್ಲ, ಹಾರ್ನ್ ಹೊಡದ್ರ ಕಿವಿ ಸೈತ ಅಲುಗಸಂಗಿಲ್ಲ. ಗೇಟಿನ್ಯಾಗ ಎಲ್ಲಾರೂ ಚ್ಯಾಷ್ಟಿಗೆ ಸಾಹೇಬ್ರ, ಸಾಹೇಬ್ರ ಅಂತ ಸೆಲ್ಯೂಟ್ ಹೊಡಿತಿದ್ರು. ಈಗ ನೋಡ್ರಿ. ಮೇಜರ್, ಸಿಟ್!”

ಮೇಜರ್ ಗುಡ್ಡದ ಕಡೆ ನೋಡಿತು.

“ಬೈಠ್!”

ಮೇಜರ್ ಗುಡ್ಡವನ್ನು ಇನ್ನಷ್ಟು ಗಮನವಿಟ್ಟು ನೋಡಿತು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದು ಹುಲಿಗೆಪ್ಪನಿಗೆ ತನ್ನ ಎಂದಿನ ದನಿಯಲ್ಲಿ, “ಬಿಸಿಲಾಗ ಯಾಕ ನಿಂತೀರಿ? ಬರ್ರಿ ಒಳಗ, ಕುಂದ್ರಿ,” ಎಂದಳು.

ನಮ್ಮೆಲ್ಲರಿಗಿಂತ ಮೊದಲು ಮೇಜರ್ ಒಳಗೆ ಹೋಯಿತು. ಹೋಗಿ, ಕುರ್ಚಿಯ ಪಕ್ಕದಲ್ಲಿ ನೆಟ್ಟಗೆ ಕುಳಿತಿತು.

ಹುಲಿಗೆಪ್ಪ ಒಂದು ಗಳಿಗೆಯೂ ಕಳೆದುಕೊಳ್ಳಲಿಲ್ಲ. “ನೋಡಿದ್ರ್ಯಾ? ಸಿಟ್ ಅಂದಿದ್ನಲ್ಲ. ಭಾಳ ಬುದ್ಧಿವಂತ ಜಾತಿರೀ ಇದು, ಆರ್ಡರ್ ಒಳಗ ಇಳದು ಹೊರಗ ಬರಾಕ ಸ್ವಲ್ಪ ಟೈಮ್ ಹಿಡಿತೈತಿ.”

ಅಂದು ನನ್ನ ಸಂಶಯ ಎಲ್ಲ ಕಡೆ ಓಡಾಡಿತು: ಕಾಗದದ ಮೇಲೆ, ಪಟ್ಟದ ಮೇಲೆ, ಹುಲಿಗೆಪ್ಪನ ಕನ್ನಡಕದ ಮೇಲೆ. ಕಣ್ಣೆದುರಿಗೇ ನಡೆದದ್ದರ ಮೇಲೆ ಮಾತ್ರ ಹೋಗಲಿಲ್ಲ.

ಮುಂದಿನ ಭಾನುವಾರಗಳಲ್ಲಿ ನಾನು ಹೋಗಿ ಗಿರಣಿಯ ಮೂಲೆಯಲ್ಲಿ ಕುಳಿತು ಗಮನಿಸುತ್ತಿದ್ದೆ. ನಾಯಿ ಗಿರಣಿಯ ಬಾಗಿಲಲ್ಲಿ ಮಲಗುತ್ತಿತ್ತು. ಜೋಳ ತಂದ ಹೆಂಗಸರು ಬಾಗಿಲಲ್ಲಿ ನಿಂತು “ನೀಲಕ್ಕಾರ, ಬರ್ರಿಲ್ಲಿ” ಎಂದು ಕೂಗಿದರೆ ಎದ್ದು ನಿಲ್ಲುತ್ತಿತ್ತು. ಮಷೀನಿನ ಪಕ್ಕ ನಿಂತ ಅಕ್ಕ ನಾಯಿ ಎದ್ದದ್ದನ್ನು ಕಂಡು ತಿರುಗಿ ನೋಡುತ್ತಿದ್ದಳು. ಕೆಲಸವೇನೋ ನಡೆಯುತ್ತಿತ್ತು. ಆದರೆ ಕೆಲವೊಮ್ಮೆ ಯಾರು ಎಷ್ಟು ಕಿರುಚಿದರೂ ಅದು ಕಣ್ಣು ಕೂಡ ತೆರೆಯುತ್ತಿರಲಿಲ್ಲ. ಇದು ನನ್ನನ್ನು ಕೊರೆಯತೊಡಗಿತು. ಕಿವುಡಿಗೆ ಕಿವಿಯಾಗಲೆಂದು ತಂದ ನಾಯಿಯೂ ಅರೆಗಿವುಡೇ?

ಆ ದಿನಗಳಲ್ಲೇ ದೂರದ ಊರಿಂದ ಬಂದ ಗೆಳೆಯನೊಬ್ಬನನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಗೈಡೊಬ್ಬ ಜಗಲಿಯ ಕಲ್ಲಿನಲ್ಲಿ ಕೆತ್ತಿದ ಬೇಟೆಯ ನಾಯಿಯನ್ನು ತೋರಿಸಿ, “ಇದು ಅರಸರ ನಾಯಿರಿ. ಇದರ ವಂಶನ ಅಲ್ಲಿ ಮಲಗೇತಿ ನೋಡ್ರಿ,” ಎಂದು ನೆರಳಲ್ಲಿ ಬಿದ್ದುಕೊಂಡಿದ್ದ ಬಡಕಲು ನಾಯಿಯತ್ತ ಕೈ ತೋರಿದ. ಗೆಳೆಯ ಭಕ್ತಿಯಿಂದ ಅದರ ಫೋಟೋ ತೆಗೆದ. ನಾನು ಗೈಡನನ್ನು ಬದಿಗೆ ಕರೆದು, “ಖರೇನಾ?” ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಸುಳ್ಳು ಅನ್ನಾಕ ಅದರ ಅಪ್ಪನ್ನ ಕರ್ಕಂಬರ್ರಿ,” ಎಂದ. ಎಷ್ಟೋ ಶಾಸನಗಳ ವಂಶಾವಳಿಗಳು ನಿಂತಿರುವುದೂ ಇದೇ ಆಧಾರದ ಮೇಲೆ. ಆದ್ದರಿಂದ ನಾನು ಹೆಚ್ಚು ವಾದಿಸಲಿಲ್ಲ.

ಲಾರಿಯ ಘಟನೆ ಆದದ್ದು ಅದರ ಮುಂದಿನ ಭಾನುವಾರ ಬೆಳಿಗ್ಗೆ. ಎರಡು ವಾರದ ನಂತರ ಎಂದು ಮಾವ ಹೇಳುತ್ತಾರೆ, ಇರಲಿ. ನಾನು ಮನೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಅಕ್ಕ ಗಿರಣಿಗೆ ಹೊರಟು ರಸ್ತೆಗೆ ಇಳಿದಿದ್ದಳು. ಸೊಂಟದ ಮೇಲೆ ರಾತ್ರಿ ಮನೆಯಲ್ಲಿ ಸಾಣಿಸಿಟ್ಟ ಗಿರಾಕಿಯ ಹಿಟ್ಟಿನ ಡಬ್ಬಿ, ಕೈಗೆ ಸುತ್ತಿದ ಹಗ್ಗ, ಹಗ್ಗದ ತುದಿಯಲ್ಲಿ ಮೇಜರ್. ಖಾಲಿ ಲಾರಿಯೊಂದು ತಿರುಗಿಸಿಕೊಳ್ಳಲು ಹಿಂದಕ್ಕೆ ಬರುತ್ತಿತ್ತು, ನೇರ ಅವಳ ಬೆನ್ನಿಗೆ. ಹಾರ್ನ್ ಹೊಡೆಯಿತು. ಹುಲಿಗೆಪ್ಪ ಹೇಳಿದ್ದು ಅಕ್ಷರಶಃ ನಿಜವಾಗಿತ್ತು: ನಾಯಿ ಕಿವಿ ಸಹ ಅಲುಗಿಸಲಿಲ್ಲ. ವರ್ಷಗಟ್ಟಲೆ ಲಾರಿಗಳ ನಡುವೆ ಕೂತು ಹಾರ್ನಿಗೆ ಹೆದರಬಾರದೆಂದು ಅದು ಕಲಿತಿತ್ತು. ಕಲಿತದ್ದೇ ಈಗ ಅಕ್ಕನ ಜೀವಕ್ಕೆ ಬಂದಿತ್ತು. ಲಾರಿಯ ಹಿಂದೆ ನಿಂತ ಕ್ಲೀನರ್ ತಗಡು ಬಡಿಯುತ್ತ, “ಏಯ್, ಸರಿ! ಸರಿ ಲೇ!” ಎಂದು ಕಿರುಚಿದ. ನಾನು, “ಅಕ್ಕಾ, ಬಾಜುಕ ಬಾ! ಬಾ ಇತ್ತ!” ಎಂದು ಕೂಗಿದೆ. ನಾಯಿಯೂ ತಿರುಗಲಿಲ್ಲ, ಅಕ್ಕನೂ ತಿರುಗಲಿಲ್ಲ.

ಗಿರಣಿಯ ಬಾಗಿಲಲ್ಲಿ ಜೋಳದ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸೊಬ್ಬಳು ಎರಡೂ ಕೈ ಎತ್ತಿ ಕೂಗಿದಳು. “ಅಕ್ಕಾರ! ಬರ್ರೀ! ಜಲ್ದಿ ಬರ್ರೀ ಈ ಕಡಿ!”

ಮೇಜರ್ ಚಂಗನೆ ಅವಳ ಕಡೆ ಹಾರಿತು. ಹಗ್ಗ ಜಗ್ಗಿ ಅಕ್ಕ ಮುಂದಕ್ಕೆ ಮುಗ್ಗರಿಸಿ, ಗಿರಣಿಯ ಕಟ್ಟೆಗೆ ಕೈಯೂರಿ ನಿಂತಳು. ಡಬ್ಬಿ ಕೆಳಗೆ ಬಿದ್ದು, ಲಾರಿಯ ಗಾಲಿ ಅದರ ಮೇಲೆ ಹತ್ತಿತು. ಅದಿರಿನ ಕೆಂಪು ಧೂಳಿನ ಮೇಲೆ ಜೋಳದ ಬಿಳಿ ಹಿಟ್ಟು ಚೆಲ್ಲಿದ್ದು ಈಗಲೂ ಕಣ್ಣಮುಂದಿದೆ. ಇದನ್ನು ಮಾತ್ರ ಅಕ್ಕ ಇನ್ನೂ ತಿದ್ದಿಲ್ಲ.

ಸಂಜೆಯೊಳಗೆ ಮಾವ ಇಡೀ ಓಣಿಗೆ ಹೇಳಿ ಬಂದಿದ್ದರು. “ರಕ್ತ ಅಂದ್ರ ಇದು. ಕಂತ್ರಿ ನಾಯಿ ಆಗಿದ್ರ ಮೊದಲು ತನ್ನ ಜೀವ ನೋಡ್ಕಂತಿತ್ತು.” ಹುಲಿಗೆಪ್ಪ ಫೋನಿನಲ್ಲಿ, “ಅದಕ್ಕ ಎಮರ್ಜೆನ್ಸಿ ಜಂಪ್ ಅಂತಾರ್ರಿ. ನಾನ ಕಲಿಸಿದ್ದು, ನಿಮಗ ಹೇಳಾಕ ಮರ್ತಿದ್ದೆ,” ಎಂದ. ನಾನು ಮಾತ್ರ ರೊಟ್ಟಿ ಮುರಿಯುತ್ತ ಲೆಕ್ಕ ಹಾಕುತ್ತಿದ್ದೆ. ಹಾರ್ನು ಕೇಳದ ನಾಯಿಗೆ, ಕ್ಲೀನರನ ಕಿರುಚಾಟ ಕೇಳದ ನಾಯಿಗೆ, ನನ್ನ ಕೂಗಂತೂ ಕೇಳದೇ ಇದ್ದ ನಾಯಿಗೆ, ಅಷ್ಟು ದೂರ ನಿಂತ ಆ ಹೆಂಗಸಿನ ದನಿ ಹೇಗೆ ಕೇಳಿಸಿತು?

ಮುಂದಿನ ಸಲ ಹೋದಾಗ ಕರೆಂಟು ಹೋಗಿ ಗಿರಣಿ ನಿಂತಿತ್ತು. ಅಕ್ಕ ಒಳಗಿನ ಕೋಣೆಯಲ್ಲಿ ಹಿಟ್ಟು ಸಾಣಿಸುತ್ತಿದ್ದಳು. ನಾನೂ ನಾಯಿಯೂ ಇಬ್ಬರೇ. ಮೆಲ್ಲಗೆ, “ಮೇಜರ್, ಬಾ,” ಎಂದೆ. ಇಲ್ಲ. “ಬಾರೋ.” ಇಲ್ಲ. “ಕಮ್.” ಒಂದು ನೊಣ ಓಡಿಸಿತು. “ಆವೋ.” ಕಣ್ಣು ಮುಚ್ಚಿತು. ಅಷ್ಟರಲ್ಲಿ ಹೊರಗೆ ರಸ್ತೆಯಲ್ಲಿ ಯಾರೋ ಇನ್ಯಾರಿಗೋ, “ಆರಾಮದೀರಿ? ಮನಿ ಕಡಿ ಬರ್ರಿ ಒಮ್ಮೆ,” ಎಂದರು.

ಮೇಜರ್ ಎದ್ದು ನಿಂತಿತು.

ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಹಳ ಸಂಕೋಚದಿಂದ, “ಸಾಹೇಬ್ರ, ಕುಂದ್ರಿ,” ಎಂದೆ. ಕುಳಿತಿತು. “ಏಳ್ರಿ.” ಎದ್ದಿತು. “ಸರೀರಿ.” ಸರಿಯಿತು.

ಹುಲಿಗೆಪ್ಪನ ಮಾತು ಆಗ ನೆನಪಾಯಿತು. ಚಾಂಪಿಯನ್ ಪಟ್ಟ ಗೆದ್ದು ಮೇಜರ್ ಎಂಬ ಹೆಸರು ಹೊತ್ತು ಬಂದ ನಾಯಿಗೆ ಗಣಿಯ ಗೇಟಿನ ಕಾವಲುಗಾರರು ತಮಾಷೆಗೆ ಸೆಲ್ಯೂಟ್ ಹೊಡೆದರು. ಸಾಹೇಬರನ್ನು ‘ಬಾ, ಕುಂದ್ರು’ ಎನ್ನಲಾದೀತೇ? ‘ಬರ್ರಿ, ಕುಂದ್ರಿ’ ಎಂದರು. ವರ್ಷಗಳು ಕಳೆದವು, ‘ಸಿಟ್’, ‘ಬೈಠ್’ ಎರಡೂ ತುಕ್ಕು ಹಿಡಿದವು, ಆ ‘ರಿ’ ಒಂದೇ ನಾಯಿಯ ತಲೆಯಲ್ಲಿ ಉಳಿಯಿತು. ಅಕ್ಕನನ್ನು ಉಳಿಸಿದ್ದು ಮಾವ ಹೇಳಿದ ರಕ್ತವೂ ಅಲ್ಲ, ಹುಲಿಗೆಪ್ಪ ಹೇಳಿದ ತಾಲೀಮೂ ಅಲ್ಲ. ನಾಯಿ ಯಾರನ್ನೂ ಕಾಪಾಡಲಿಲ್ಲ. ಯಾರೋ ತನ್ನನ್ನು ಮರ್ಯಾದೆಯಿಂದ ಕರೆದರೆಂದು ಹೋಯಿತು, ಹಗ್ಗದ ಈ ತುದಿಯಲ್ಲಿ ಅಕ್ಕ ಇದ್ದಳು. ಕೆಲಸ ಮಾಡಿದ್ದು ಬಿರುದೇ. ಕಾಗದದಲ್ಲಿದ್ದ ಬಿರುದಲ್ಲ, ಕೆಲಸವಿಲ್ಲದ ಕಾವಲುಗಾರರ ನಾಲಗೆಯ ಮೇಲಿದ್ದದ್ದು. ಇದು ನನ್ನ ಊಹೆ. ಹುಲಿಗೆಪ್ಪನನ್ನು ಕೇಳಿದರೆ ಅದನ್ನೂ ತಾನೇ ಕಲಿಸಿದ್ದು ಎನ್ನುತ್ತಾನೆಂದು ಕೇಳಲಿಲ್ಲ.

ಗುಟ್ಟು ಹಿಡಿದ ಖುಷಿ ಚಹಾ ಮುಗಿಯುವ ತನಕವೂ ಉಳಿಯಲಿಲ್ಲ. ಅಪಾಯದ ಹೊತ್ತಿನಲ್ಲಿ ಯಾರು ಬಹುವಚನ ಬಳಸುತ್ತಾರೆ? ಮೈಮೇಲೆ ಲಾರಿ ಬರುತ್ತಿರುವವರಿಗೆ ಜನ ‘ಸರಿ ಲೇ’ ಎನ್ನುತ್ತಾರೆ. ನಾನೇ ‘ಬಾ’ ಎಂದಿದ್ದೆ. ಅಂದು ಬಾಗಿಲಲ್ಲಿ ನಿಂತವಳು ಅಷ್ಟು ಮರ್ಯಾದಸ್ಥೆ ಆಗಿರದಿದ್ದರೆ? ಮಾವನಿಗೆ ಹೇಳಿದರೆ ನಾಯಿ ಸುಳ್ಳು ಎಂದು ಗಿರಣಿ ಮಾರುತ್ತಾರೆ. ಹೇಳದಿದ್ದರೆ ಅಕ್ಕ ಆ ನಾಯಿಯನ್ನು ನಂಬಿ ರಸ್ತೆಗೆ ಇಳಿಯುತ್ತಾಳೆ. ಮೊದಲು ಅವಳಿಗೇ ಹೇಳುವುದು ಎಂದು ಒಳಗೆ ಹೋಗಿ, “ಅಕ್ಕಾ, ನಾಯಿ ವಿಷಯ ಒಂದು ಹೇಳಬೇಕು,” ಎಂದು ಕೂಗಿದೆ. ಅಷ್ಟರಲ್ಲಿ ಕರೆಂಟು ಬಂತು. ಅವಳು ನನ್ನ ಮುಖವನ್ನೇ ನೋಡುತ್ತ ಮಷೀನು ಚಾಲೂ ಮಾಡಿದಳು. ಮನೆಗೆ ಬಂದ ಮೇಲೆ ಮತ್ತೆ ಹೇಳಹೋದರೆ, “ಕೇಳಸವಲ್ದು,” ಎಂದು ತಲೆ ಅಲ್ಲಾಡಿಸಿದಳು. ಅದೇ ಉಸಿರಿನಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದಿಗೆ ಎದ್ದು ಹೋದಳೆಂದು ನನ್ನ ನೆನಪು. ವಾಸನೆಗೆ ಎದ್ದಳೇನೋ.

ಇನ್ನೊಂದು ಬದಲಾವಣೆಯನ್ನೂ ನಾನು ಗಮನಿಸಿದೆ, ತಪ್ಪಾಗಿ. ಗಿರಣಿಯಲ್ಲಿ ಅಕ್ಕನ ಜೋರು ಹೆಚ್ಚಾಗಿತ್ತು. ಒಬ್ಬ ಲಾರಿ ಡ್ರೈವರ್ ಬಾಗಿಲಲ್ಲಿ ನಿಂತು, “ಏ ಅಕ್ಕಾ, ಬಾ ಇಲ್ಲಿ,” ಎಂದ. ಅಕ್ಕ ತಿರುಗಲಿಲ್ಲ. ಸಾಲಿನಲ್ಲಿದ್ದ ಹೆಂಗಸರು ಅವನಿಗೆ ಪಾಠ ಹೇಳಿದರು.

“ರಿ ಹಚ್ಚಪಾ. ಇಲ್ಲಂದ್ರ ಇವತ್ತು ನಿನಗ ರೊಟ್ಟಿ ಇಲ್ಲ.”

“ಇದೇನು ಗಿರಣ್ಯೋ, ತಾಲೂಕು ಆಫೀಸೋ?”

“ಆಫೀಸಿನ್ಯಾಗ ನೀ ರಿ ಹಚ್ಚಿದ್ರೂ ಕೆಲಸ ಆಗಂಗಿಲ್ಲ. ಇಲ್ಲಿ ಆಗತೈತಿ. ಹಚ್ಚು.”

ಅವನು ಸೋತು, “ನೀಲಕ್ಕಾರ, ಸ್ವಲ್ಪ ಬರ್ರಿ,” ಎಂದ. ನಾಯಿ ಎದ್ದಿತು, ಅಕ್ಕ ತಿರುಗಿದಳು, ಜೋಳ ತಕ್ಕಡಿ ಹತ್ತಿತು. ಸಾಲಿನಲ್ಲಿದ್ದ ಚಿಕ್ಕ ಹುಡುಗಿಯೊಬ್ಬಳು ತನ್ನ ತಾಯಿಯನ್ನೇ “ಅವ್ವಾರ” ಎಂದಳು. ಬಿರುದಿರುವ ನಾಯಿ ಬಂದ ಮೇಲೆ ನಮ್ಮ ಅಕ್ಕನಿಗೂ ಪದವಿಯ ಹುಚ್ಚು ಹಿಡಿಯಿತು ಎಂದು ನಾನು ಅಂದುಕೊಂಡೆ. ರಸ್ತೆಯ ಲಾರಿಯವರು ಕೂಡ ಕಿಟಕಿಯಿಂದ ತಲೆ ಹೊರಹಾಕಿ “ಸರೀರಿ ಅಕ್ಕಾರ!” ಎನ್ನತೊಡಗಿದಾಗ, ಹಿಟ್ಟಿಗಾಗಿ ಜನ ಎಷ್ಟು ಬಗ್ಗುತ್ತಾರೆ ನೋಡು ಎಂದು ಒಳಗೊಳಗೇ ನಕ್ಕೆ.

ದೀಪಾವಳಿ ಬಂತು. ಹಬ್ಬದ ಹಿಂದಿನ ದಿನ ಗಿರಣಿಯಲ್ಲಿ ಜನ ಕಿಕ್ಕಿರಿದಿದ್ದರು. ಆ ಗದ್ದಲ ಕರಗಿದ ಮೇಲೆ ಮಾವ ಮನೆಯ ಕಟ್ಟೆಯ ಮೇಲೆ ಕುಳಿತು ನನ್ನನ್ನು ಕರೆದರು.

“ಈಗ ಹೇಳು ಡಾಕ್ಟ್ರ. ಬಾಜು ಊರಾವ ಒಬ್ಬ ಮಷೀನ ನೋಡಿ ಹೋಗ್ಯಾನ. ಹೂಂ ಅಂದ್ರ ಹಬ್ಬ ಮುಗಿದ ಮ್ಯಾಲ ಒಯ್ತಾನ. ನಾಯಿ ಖರೇನೋ, ಸುಳ್ಳೋ?”

“ನಾಯಿ ಜಾತಿ ನನಗ ತಿಳಿಯಂಗಿಲ್ಲ ಮಾವಾರ. ನಾ ಹೋಗಿ ಬಾಗಲದಾಗ ನಿಂತು ಅಕ್ಕನ್ನ ಕರಿತೀನಿ. ಮಷೀನ ನಡದೈತಿ. ನೀವ ಇಲ್ಲಿ ಕುಂತು ನೋಡ್ರಿ. ಆಮ್ಯಾಲ ನೀವ ಹೇಳ್ರಿ,” ಎಂದೆ.

ರಸ್ತೆ ದಾಟಿ ಗಿರಣಿಯ ಬಾಗಿಲಿಗೆ ಹೋದೆ. ಕೊನೆಯ ಜೋಳ ಬೀಸುತ್ತಿತ್ತು. ಅಕ್ಕ ನನಗೆ ಬೆನ್ನು ಮಾಡಿ ನಿಂತಿದ್ದಳು, ರೆಪ್ಪೆ ಕೂದಲಿನ ತನಕ ಹಿಟ್ಟು. ಬಾಗಿಲಲ್ಲಿ ಮೇಜರ್ ಮಲಗಿತ್ತು. ರಸ್ತೆಯ ಆಚೆ ಮಾವ ಕೈಕಟ್ಟಿ ನೋಡುತ್ತಿದ್ದರು. ನನಗೆ ಗುಟ್ಟು ಗೊತ್ತಿತ್ತು, ಏನು ಹೇಳಬೇಕೆಂದು ಗೊತ್ತಿತ್ತು. ಆದರೂ ಬಾಯಿ ತೆರೆದಾಗ ಬಂದದ್ದು, “ಅಕ್ಕಾ, ಬಾ,” ಎಂದೇ.

ಯಾರೂ ಅಲುಗಲಿಲ್ಲ.

ಹುಟ್ಟಿದಾಗಿನಿಂದ ಅವಳನ್ನು ನಾನು ಕರೆದದ್ದು ಹಾಗೇ. ಕಂಪ್ಲಿಯ ಹೊಳೆಯ ದಂಡೆಯಲ್ಲಿ ಅವಳು ಮುಂದೆ ಮುಂದೆ ಹೋದಾಗ, ಮದುವೆಯಾಗಿ ಸಂಡೂರಿನ ಬಸ್ಸು ಹತ್ತಿದಾಗ, ಅವ್ವ ಹೋದ ದಿನ ಅವಳು ಅಂಗಳಕ್ಕೆ ಬಂದು ನಿಂತಾಗ, ಎಲ್ಲಕ್ಕೂ ‘ಅಕ್ಕಾ, ಬಾ’ ಒಂದೇ. ಊರವರಿಗೆ ರಿ ಹಚ್ಚುತ್ತೇವೆ, ಬೀಗರಿಗೆ ಹಚ್ಚುತ್ತೇವೆ, ಅಧಿಕಾರಿಗಳಿಗೆ ಎರಡೆರಡು ಸಲ ಹಚ್ಚುತ್ತೇವೆ. ಒಡಹುಟ್ಟಿದವಳಿಗೆ ಯಾರು ಹಚ್ಚುತ್ತಾರೆ? ನನ್ನ ‘ಬಾ’ ಇನ್ನು ಮುಂದೆ ಅವಳನ್ನು ಮುಟ್ಟುವುದಿಲ್ಲ ಎಂಬುದು ಆ ಬಾಗಿಲಲ್ಲಿ ನಿಂತಾಗಲೇ ನನಗೆ ತಿಳಿದದ್ದು. ನಾಯಿಯ ಕಿವಿಯ ಬಗ್ಗೆ ಅಷ್ಟು ಯೋಚಿಸಿದವನು ಅವಳ ಕಿವಿಯ ಬಗ್ಗೆ ಯೋಚಿಸಿರಲಿಲ್ಲ.

“ಅಕ್ಕಾರ,” ಎಂದೆ, “ಬರ್ರಿ.”

ಮೇಜರ್ ಎದ್ದು, ಮೈ ಕೊಡವಿ, ನನ್ನ ಮುಂದೆ ಬಂದು ನಿಂತಿತು. ಅಕ್ಕ ತಿರುಗಿದಳು. ರಸ್ತೆಯ ಆಚೆ ಮಾವ ಎದ್ದು, ಪಂಚೆ ಕೊಡವಿಕೊಂಡು ಮನೆಯೊಳಗೆ ಹೋದರು. ಮಷೀನು ನೋಡಿ ಹೋದವನು ಮತ್ತೆ ಬರಲಿಲ್ಲ.

ಅಕ್ಕ ಮೋಟರ್ ಬಂದ್ ಮಾಡಿದಳು. ಬೆಲ್ಟು ನಿಧಾನಕ್ಕೆ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು, ಒಮ್ಮೆ ನಾಯಿಯನ್ನು, ಒಮ್ಮೆ ನನ್ನನ್ನು ನೋಡಿದಳು.

“ನೀ ಏನಂದಿ ನನಗ?”

“ಏನಿಲ್ಲ. ಬಾ ಅಂದೆ.”

“ಸುಳ್ಳು ಹೇಳಬ್ಯಾಡ. ಬಾ ಅಂದ್ರ ಅದು ಏಳಂಗಿಲ್ಲ, ನನಗ ಗೊತ್ತಿಲ್ಲೇನು? ಮೊದಲನೇ ದಿನ ಚಾ ತಂದಾಗ ಗೊತ್ತಾಗೇತಿ. ಅದಕ್ಕ ಇಡೀ ಓಣಿಗೆ ಹೇಳ್ಕೊಟ್ಟೀನಿ.” ಅವಳ ದನಿ ಎಂದಿಗಿಂತ ಸ್ವಲ್ಪ ತಗ್ಗಿತ್ತು. “ಯಾಕಲೇ ತಮ್ಮಾ, ನನಗ ರಿ ಹಚ್ಚಿದಿ? ನಾ ಯಾವಾಗ ಹೊರಗಿನಾಕಿ ಆದೆ?”

ನಾನು ಬಗ್ಗಿ ನಾಯಿಯ ಬೆನ್ನಿನ ಮೇಲಿನ ಹಿಟ್ಟು ಕೊಡವಿದೆ.

ಅವಳು ಬಾಗಿಲ ಕಡೆ ನಡೆದುಬಂದು ನಾಯಿಗೆ, “ಕುಂದ್ರಿ ಸಾಹೇಬ್ರ,” ಎಂದಳು. ನನ್ನ ಕಡೆ ತಿರುಗಿ, “ನೀ ಕುಂದ್ರಲೇ,” ಎಂದಳು.

ಇಬ್ಬರೂ ಕುಳಿತೆವು.